ಹುಳುವಿಗೆ ಗುರುತುಂಟು, ಮನುಷ್ಯನಿಗೆ?



ಮಳೆಗಾಲದಲ್ಲಿ ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಸಹಸ್ರಪದಿಯನ್ನು ನಾವೆಲ್ಲ ನೋಡಿದ್ದೇವೆ. 2006ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಿಕೋಯಾ ರಾಷ್ಟ್ರೀಯ ಉದ್ಯಾನದ ಒಂದು ಗುಹೆಯಲ್ಲಿ ಅದೇ ಬಳಗದ ಹುಳು ಸಿಕ್ಕಿತು. ಕಣ್ಣಿಲ್ಲ, ದಾರದಂಥ ಮೈ, ಉದ್ದ ಸುಮಾರು 20 ಮಿಲಿಮೀಟರ್. ಸಿಕ್ಕಿದ್ದು ಒಂದೇ ಒಂದು ಗಂಡು. ಬೇರೆ 60ಕ್ಕೂ ಹೆಚ್ಚು ಕಡೆ ಹುಡುಕಿದರೂ ಎರಡನೆಯದು ಸಿಗಲಿಲ್ಲ.

ಇದು ಹೊಸ ಜಾತಿ, ಹೆಸರು ಇಲ್ಲಾಕ್ಮಿ ಟೋಬಿನಿ ಎಂದು ವಿಜ್ಞಾನಿಗಳು ಪ್ರಕಟಿಸಿದ್ದು 2016ರಲ್ಲಿ. ಸೂಕ್ಷ್ಮದರ್ಶಕದ ಕೆಳಗಿಟ್ಟು ಅದರ 414 ಕಾಲುಗಳನ್ನು ಎಣಿಸಿದ್ದರು. ಗಂಡು ಸಹಸ್ರಪದಿಯ ಕೆಲವು ಕಾಲುಗಳು ಕೂಡುವುದಕ್ಕೆಂದೇ ರೂಪ ಬದಲಿಸಿಕೊಂಡಿರುತ್ತವೆ. ಅವುಗಳ ಆಕಾರ ಜಾತಿಯಿಂದ ಜಾತಿಗೆ ಬೇರೆ. ಅದೇ ಗುರುತನ್ನು ಅದರ ಹತ್ತಿರದ ಬಂಧುವಿನ ಜೊತೆ ಹೋಲಿಸಿ ನೋಡಿದ ಮೇಲೆಯೇ ಹೆಸರಿಟ್ಟರು.

ನಾನು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಹುಳುವಿನ ಬಗ್ಗೆ 'ಜಾತಿ' ಎನ್ನಲು ನನಗೆ ಅಳುಕಿಲ್ಲ. ಅರ್ಜಿ ತುಂಬಿಸುವಾಗ ಅದೇ ಪದವನ್ನು ಮಕ್ಕಳಿಗೆ ಕೇಳಬೇಕಾದರೆ ಮಾತ್ರ ನಾಲಗೆ ತಡೆಯುತ್ತದೆ. ಒಂದೇ ಪದ ಎರಡು ಕಡೆಯೂ ನಿಜವಾಗಲು ಸಾಧ್ಯವೇ?

ಹುಟ್ಟಿನಿಂದ ಬ್ರಾಹ್ಮಣನೋ ನಡತೆಯಿಂದಲೋ ಎಂದು ಕೇಳಲು ಬಂದ ಇಬ್ಬರು ಯುವಕರಿಗೆ ಬುದ್ಧರು ವಾಸೆಟ್ಠ ಸುತ್ತದಲ್ಲಿ ಇದನ್ನೇ ಬಿಡಿಸಿ ಹೇಳಿದ್ದಾರೆ. ಹುಲ್ಲು, ಮರ, ಹುಳು, ಇರುವೆ, ಹಾವು, ಮೀನು, ಹಕ್ಕಿ ಇವುಗಳಲ್ಲಿ ಜಾತಿಯ ಗುರುತು ಹುಟ್ಟಿನಿಂದಲೇ ಇದೆ. ಮನುಷ್ಯರ ಕೂದಲು, ಕಣ್ಣು, ಕಿವಿ, ಕೈಕಾಲು ಎಲ್ಲಿ ಹುಡುಕಿದರೂ ಅಂಥ ಗುರುತಿಲ್ಲ. ಅವರಲ್ಲಿ ಭೇದವಿರುವುದು ಕರೆಯುವ ಹೆಸರಿನಲ್ಲಿ ಮಾತ್ರ.

ಬಾಬಾಸಾಹೇಬರು ಇದನ್ನು ಅಳತೆಯ ಒರೆಗೂ ಹಚ್ಚಿದರು. 1948ರ 'ದಿ ಅನ್‌ಟಚಬಲ್ಸ್' ಗ್ರಂಥದಲ್ಲಿ ಮೂಗಿನ ಅಳತೆಯ ಅಂಕಿಗಳನ್ನೇ ಮುಂದಿಟ್ಟು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗವಲ್ಲ ಎಂದು ವಾದಿಸಿದರು.

ಹಾಗಾದರೆ ಅರ್ಜಿಯಲ್ಲಿ ಆ ಕಲಂ ಏಕೆ? ಅದು ಬೇಕು. ಅದು ನಮಗಾದ ಅನ್ಯಾಯದ ಲೆಕ್ಕವೇ ಹೊರತು ನಮ್ಮ ಮೈಯ ಗುರುತಲ್ಲ. ಈ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸಿ ಹೇಳುವುದು ನಮ್ಮ ಕೆಲಸ.

ಕಣ್ಣಿಲ್ಲದ ಹುಳುವಿಗೂ ನೋಡಿ, ಎಣಿಸಿ ಹೆಸರಿಟ್ಟರು. ನಮ್ಮ ಹಿರಿಯರಿಗೆ ಮುಖವನ್ನೂ ನೋಡದೆ ಹೆಸರಿಟ್ಟರು. ಆ ಅಭ್ಯಾಸ ನಮ್ಮೊಳಗಿನ ಎಡ-ಬಲದ ನಡುವೆಯೂ ಉಳಿದಿದೆ. ಇಂದು ಯಾರನ್ನಾದರೂ ಕಂಡಾಗ 'ಇವರು ಯಾವ ಜನ?' ಎಂಬ ಪ್ರಶ್ನೆ ಮನಸ್ಸಿನಲ್ಲಿ ಎದ್ದರೆ, ಯಾವ ಗುರುತು ನೋಡಿ ಕೇಳುತ್ತಿದ್ದೇನೆ ಎಂದು ನಮ್ಮನ್ನೇ ಕೇಳಿಕೊಳ್ಳೋಣ.

ಭವತು ಸಬ್ಬ ಮಂಗಲಂ.