ಆ ನಾಯಿ ಯಾರದು?



ನಮ್ಮ ದೇವಾಲಯದ ಅಂಗಳದಲ್ಲಿರುವ ಕಪ್ಪು ನಾಯಿಯನ್ನು ನೀವೆಲ್ಲರೂ ಬಲ್ಲಿರಿ. ಭಾನುವಾರ ಮೊದಲ ಗಂಟೆ ಬಾರಿಸಿದ ಕೂಡಲೇ ಅದು ಎಲ್ಲಿದ್ದರೂ ಓಡಿಬಂದು ಬಾಗಿಲ ಪಕ್ಕದಲ್ಲಿ, ನಮ್ಮ ಚಪ್ಪಲಿಗಳ ನಡುವೆ ಮಲಗುತ್ತದೆ. ಕನ್ನಡದ ಮಕ್ಕಳು ಅದನ್ನು ‘ಕರಿಯ’ ಎನ್ನುತ್ತಾರೆ, ತೆಲುಗಿನ ಮಕ್ಕಳು ‘ನಲ್ಲೋಡು’ ಎನ್ನುತ್ತಾರೆ. ‘ಬಾ’ ಎಂದರೂ ಬರುತ್ತದೆ, ‘ರಾ’ ಎಂದರೂ ಬರುತ್ತದೆ. ಯಾವ ಪೂಜೆ ಯಾವ ಭಾಷೆಯಲ್ಲಿರಬೇಕು, ಯಾವ ಹಾಡನ್ನು ಯಾರು ಹಾಡಬೇಕು ಎಂದು ಹಿಂದೂಪುರದಲ್ಲಿ ನಾವು ಸಭೆ ಸೇರಿ ಗಂಟೆಗಟ್ಟಲೆ ಮಾತಾಡುತ್ತೇವೆ. ಕರಿಯನಿಗೆ ಆ ಚಿಂತೆ ಇಲ್ಲ. ಕರೆಯುವ ದನಿಯಲ್ಲಿ ಪ್ರೀತಿ ಇದ್ದರೆ ಅದಕ್ಕೆ ಸಾಕು.

ಒಂದು ಮಳೆಗಾಲದ ರಾತ್ರಿ ಯುವಜನರ ಸಭೆ ಮುಗಿಸಿ ಹೊರಗೆ ಬಂದಾಗ ಈ ಮರಿ ಗೇಟಿನ ಹತ್ತಿರ ನಡುಗುತ್ತಾ ನಿಂತಿತ್ತು. ಉಳಿದಿದ್ದ ಬಿಸ್ಕತ್ತು ಹಾಕಿದೆವು. ಮರುದಿನವೂ ಬಂತು, ಮರುದಿನವೂ ಹಾಕಿದೆವು. ಹೆಸರಿಟ್ಟೆವು, ಫೋಟೋ ತೆಗೆದೆವು, ನಮ್ಮ ವಾಟ್ಸಾಪ್ ಗುಂಪಿಗೆ ಅದರ ಮುಖವನ್ನೇ ಚಿತ್ರವಾಗಿ ಹಾಕಿದೆವು. ಅಂದಿನಿಂದ ನಗು, ತಾಪತ್ರಯ ಎರಡೂ ಶುರುವಾದವು. ಊರಿಗೆ ಬಂದ ಅತಿಥಿಯೊಬ್ಬರ ಹೊಸ ಚಪ್ಪಲಿಯಲ್ಲಿ ಒಂದು ಮಾತ್ರ ಸಿಕ್ಕಿತು. ಒಂದು ಭಾನುವಾರ ಕಾಣಿಕೆಯ ಮೆರವಣಿಗೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಿಡಿದವರ ಹಿಂದೆ ಇದೂ ಬಾಲ ಎತ್ತಿಕೊಂಡು ಪೀಠದ ಮೆಟ್ಟಿಲವರೆಗೆ ನಡೆಯಿತು. ಗಾಯನ ಮಂಡಳಿಯವರಿಗೆ ಹಾಡು ಮುಂದುವರಿಸಲು ಆಗಲಿಲ್ಲ. ಕ್ರಿಸ್ಮಸ್ ರಾತ್ರಿ ಪಟಾಕಿ ಸದ್ದಿಗೆ ಹೆದರಿ ಗೋದಲಿಯ ಹುಲ್ಲಿನೊಳಗೆ ನುಗ್ಗಿ, ಮಣ್ಣಿನ ಕುರಿಗಳ ಪಕ್ಕ ಮಲಗಿಬಿಟ್ಟಿತು. ಅಂದು ಯಾರೂ ಅದನ್ನು ಓಡಿಸಲಿಲ್ಲ.

ಇಷ್ಟು ಪ್ರೀತಿ ಮಾಡಿದ ನಾವು ಒಂದೇ ಒಂದು ಕೆಲಸ ಮಾಡಿರಲಿಲ್ಲ. ಅದಕ್ಕೆ ಲಸಿಕೆ ಹಾಕಿಸಿರಲಿಲ್ಲ. ‘ಮುಂದಿನ ವಾರ ಹೋಗೋಣ’ ಎನ್ನುತ್ತಾ ಒಂದು ವರ್ಷ ಕಳೆದಿತ್ತು.

ಒಂದು ಭಾನುವಾರ ಧರ್ಮೋಪದೇಶದ ತರಗತಿ ಬಿಟ್ಟಾಗ ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು. ಕರಿಯ ಮೂಲೆಯಲ್ಲಿ ಮೂಳೆ ಕಡಿಯುತ್ತಿತ್ತು. ಸಣ್ಣ ಹುಡುಗನೊಬ್ಬ ಹಿಂದಿನಿಂದ ಹೋಗಿ ಬಾಲ ಹಿಡಿದೆಳೆದ. ಅದು ತಿರುಗಿ ಅವನ ಮೀನಖಂಡಕ್ಕೆ ಬಾಯಿ ಹಾಕಿತು. ರಕ್ತ ಬಂತು. ನಾನು ಓಡಿಹೋಗಿ ಬಾಟಲಿಯಿಂದ ಸ್ವಲ್ಪ ನೀರು ಸುರಿದು ಕರವಸ್ತ್ರ ಕಟ್ಟಿದೆ. ಅಷ್ಟರಲ್ಲಿ ಅವನ ತಾಯಿ ಬಂದರು. ಅವರ ಮೊದಲ ಪ್ರಶ್ನೆ, “ಆ ನಾಯಿ ಯಾರದು?”

ನಾನು ಹೇಳಿದೆ: “ಅದು ಬೀದಿನಾಯಿ ಅಮ್ಮಾ, ನಮ್ಮದಲ್ಲ.”

ಪಕ್ಕದಲ್ಲಿದ್ದವರು, “ನೀವೇ ಅಲ್ವಾ ದಿನಾ ಅನ್ನ ಹಾಕೋದು?” ಎಂದರು. “ಎಲ್ಲರೂ ಹಾಕ್ತಾರೆ” ಎಂದೆ. ರಾತ್ರಿ ಆ ತಾಯಿ ಫೋನ್ ಮಾಡಿ, “ಅದಕ್ಕೆ ಇಂಜೆಕ್ಷನ್ ಆಗಿದೆಯಾ?” ಎಂದು ಕೇಳಿದರು. “ಗೊತ್ತಿಲ್ಲ” ಎಂದೆ. ಆಗಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಮೂರು ಸಲ ಕೇಳಿದರು, ಮೂರು ಸಲ ಇಲ್ಲವೆಂದೆ. ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ ನಿಂತ ಪೇತ್ರನ ಕಥೆಯನ್ನು ಪವಿತ್ರ ವಾರದಲ್ಲಿ ನಾನೇ ಎಷ್ಟೋ ಸಲ ಓದಿದ್ದೇನೆ. ಪೇತ್ರನಿಗೆ ಜೀವಭಯವಿತ್ತು. ನನಗಿದ್ದದ್ದು ನಾಲ್ಕು ಜನರೆದುರು ಮಾತು ಕೇಳಬೇಕಲ್ಲ ಎಂಬ ಭಯ, ಅಷ್ಟೇ.

ಬಿಎಸ್ಸಿ ಓದಿದವನು ನಾನು. ರೇಬೀಸ್ ಎಂದರೇನು ಎಂದು ಪರೀಕ್ಷೆಯಲ್ಲಿ ಬರೆದವನು. ಆ ವೈರಾಣು ಗಾಯದಿಂದ ನರಗಳ ಮೂಲಕ ನಿಧಾನವಾಗಿ ಮೆದುಳಿನ ಕಡೆಗೆ ಸಾಗುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಆದರೆ ಅದಕ್ಕೆ ಮೊದಲು ನಮಗೆ ಸಮಯ ಸಿಗುತ್ತದೆ, ಆ ಸಮಯದಲ್ಲಿ ಲಸಿಕೆ ಕೊಟ್ಟರೆ ಜೀವ ಉಳಿಯುತ್ತದೆ. 1885ರ ಜುಲೈಯಲ್ಲಿ ಲೂಯಿ ಪಾಶ್ಚರ್ ಅವರು ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ತಮ್ಮ ಲಸಿಕೆ ಕೊಡಿಸಿದರು, ಹುಡುಗ ಉಳಿದ. ಇದೆಲ್ಲ ಗೊತ್ತಿದ್ದೂ ನಾನು ಒಂದು ರಾತ್ರಿ ವ್ಯರ್ಥ ಮಾಡಿದೆ. ನನ್ನ ಮಾನ ಉಳಿಸಿಕೊಳ್ಳಲು ಹೋಗಿ ಒಬ್ಬ ಮಗುವಿನ ಸಮಯವನ್ನು ಕದ್ದೆ.

ಬೆಳಗ್ಗೆ ಅವರ ಮನೆಗೆ ಹೋದೆ. ಅಜ್ಜಿ ಗಾಯಕ್ಕೆ ಸುಣ್ಣ, ಅರಿಶಿನ ಹಚ್ಚಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ: “ನಾಯಿ ನಮ್ಮದೇ. ಲಸಿಕೆ ಹಾಕಿಸಿಲ್ಲ. ತಪ್ಪು ನನ್ನದು.” ಆ ತಾಯಿ ಬೈದರು, ಬೈಯಬೇಕಾದದ್ದೇ. ನಂತರ ಒಳಗೆ ಕರೆದರು. ಸೋಪು ಹಚ್ಚಿ ನಲ್ಲಿಯ ಕೆಳಗೆ ಗಾಯ ತೊಳೆದು ಆಸ್ಪತ್ರೆಗೆ ಹೋದೆವು. ಗಾಯ ಆಳವಾಗಿದ್ದರಿಂದ ಸುತ್ತಲೂ ಇನ್ನೊಂದು ಇಂಜೆಕ್ಷನ್ ಕೂಡ ಕೊಟ್ಟರು. ಅಂದು, 3ನೇ ದಿನ, 7ನೇ ದಿನ, 28ನೇ ದಿನ, ಹೀಗೆ ನಾಲ್ಕು ಸಲವೂ ನಾನೇ ಅವನನ್ನು ಗಾಡಿಯಲ್ಲಿ ಕರೆದುಕೊಂಡು ಹೋದೆ. ಕರಿಯನನ್ನು ಕಟ್ಟಿಹಾಕಿ ಹತ್ತು ದಿನ ಗಮನಿಸಿದೆವು. ಅದು ಆರೋಗ್ಯವಾಗಿಯೇ ಇತ್ತು. ಬಳಿಕ ಪಶುವೈದ್ಯರ ಬಳಿ ಲಸಿಕೆಯನ್ನೂ ಸಂತಾನಹರಣ ಚಿಕಿತ್ಸೆಯನ್ನೂ ಮಾಡಿಸಿದೆವು.

ಅಷ್ಟರಲ್ಲಿ ಕೆಲವರು, “ದೂರದ ಹೆದ್ದಾರಿಯಲ್ಲಿ ಬಿಟ್ಟು ಬನ್ನಿ” ಎಂದಿದ್ದರು. ಇನ್ನು ಕೆಲವರು ವಿಷದ ಮಾತೂ ಆಡಿದರು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ತೋರಿಸುವ ದಾರಿ ಸಂತಾನಹರಣ ಮತ್ತು ಲಸಿಕೆಯದೇ ಹೊರತು ಕೊಲ್ಲುವುದಲ್ಲ. ಆದರೆ ಕಾನೂನಿಗಿಂತ ಮೊದಲು ನನಗೆ ನೆನಪಾದದ್ದು ನಮ್ಮ ಅಜ್ಜನ ಹೊಲ.

ಅಜ್ಜನ ಊರು ಕಲ್ಯಾಣದುರ್ಗದ ಕಡೆ. ಶೇಂಗಾ ಬೆಳೆ, ಕಲ್ಲುಗುಡ್ಡ, ಯಾವಾಗಲೂ ಕಡಿಮೆ ಮಳೆ. ಶೇಂಗಾ ಕಿತ್ತ ಮೇಲೆ ಗೊಬ್ಬರಕ್ಕಾಗಿ ಕುರುಬರ ಕುರಿಮಂದೆಯನ್ನು ಹೊಲದಲ್ಲಿ ರಾತ್ರಿ ನಿಲ್ಲಿಸುತ್ತಿದ್ದರು. ಮಂದೆಯ ಜೊತೆ ನಾಯಿ ಇದ್ದೇ ಇರುತ್ತಿತ್ತು. ಕುರಿಗಾರ ಸಂಜೆ ಮುದ್ದೆ ಮುರಿದರೆ ಮೊದಲ ತುತ್ತು ನಾಯಿಗೆ. ಒಂದು ಬೆಳಗ್ಗೆ ಆ ನಾಯಿ ಪಕ್ಕದ ಮನೆಯ ಕೋಳಿಯನ್ನು ಹಿಡಿದು ಕೊಂದಿತ್ತು. ಯಾರೂ ನೋಡಿರಲಿಲ್ಲ. ಕುರಿಗಾರ ತಾನಾಗಿಯೇ ಆ ಮನೆಗೆ ಹೋಗಿ ಕೋಳಿಯ ದುಡ್ಡು ಕೊಟ್ಟು ಬಂದ. ಚಿಕ್ಕವನಾಗಿದ್ದ ನಾನು “ಯಾಕೆ?” ಎಂದು ಕೇಳಿದ್ದಕ್ಕೆ, “ನಾಯಿ ನಂದು ಅಂದ ಮೇಲೆ ಕೋಳಿ ಲೆಕ್ಕಾನೂ ನಂದೇ” ಎಂದ.

ಬಂಧುಗಳೇ, ಸಂತ ಯೊವಾನ್ನರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಪ್ರಭು ಒಳ್ಳೆಯ ಕುರಿಗಾಹಿಗೂ ಕೂಲಿಯವನಿಗೂ ಇರುವ ವ್ಯತ್ಯಾಸವನ್ನು ಹೇಳುತ್ತಾರೆ. ತೋಳ ಬಂದಾಗ ಕೂಲಿಯವನು ಓಡಿಹೋಗುತ್ತಾನೆ, ಏಕೆಂದರೆ ಕುರಿಗಳು ಅವನ ಸ್ವಂತದ್ದಲ್ಲ. ತೋಳ ಬರುವವರೆಗೆ ಇಬ್ಬರೂ ಒಂದೇ ತರಹ ಕಾಣುತ್ತಾರೆ. ಇಬ್ಬರೂ ಮೇಯಿಸುತ್ತಾರೆ, ಇಬ್ಬರೂ ನೀರು ಕುಡಿಸುತ್ತಾರೆ. ಕಷ್ಟ ಬಂದ ದಿನ ‘ಇವು ನನ್ನವು’ ಎನ್ನುವವನು ಯಾರು ಎಂಬುದರಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಆ ಭಾನುವಾರ ನಾನು ಕೂಲಿಯವನಾಗಿದ್ದೆ.

ನಮ್ಮ ಕನ್ನಡ ನಾಡಿನಲ್ಲಿ ಇದಕ್ಕೆ ಸಾವಿರ ವರ್ಷಕ್ಕೂ ಹಳೆಯದಾದ ಒಂದು ಸಾಕ್ಷಿ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 949-950ರ ಕಾಲದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಬಳಿಯಿದ್ದ ಮಣಲೇರ ಎಂಬ ವೀರನ ಶೌರ್ಯಕ್ಕೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ಮೆಚ್ಚಿ ಬೇಕಾದದ್ದು ಕೇಳು ಎಂದಾಗ, ಅವನು ಕೇಳಿ ಪಡೆದದ್ದು ‘ಕಾಳಿ’ ಎಂಬ ನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಮಣಲೇರ ನಾಯಿಗಾಗಿ ಕಲ್ಲು ನೆಡಿಸಿದ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಕಲ್ಲಿಗೆ ಪೂಜೆ ಸಲ್ಲಿಸುವುದು ನಮ್ಮ ವಿಶ್ವಾಸದ ದಾರಿಯಲ್ಲ. ಆದರೆ ತನ್ನದೆಂದು ಕೇಳಿ ಪಡೆದದ್ದನ್ನು ಅದು ಸತ್ತ ಮೇಲೂ ತನ್ನದೆಂದ ಅವನ ನಿಷ್ಠೆಯ ಮುಂದೆ ನನಗೆ ನಾಚಿಕೆಯಾಗುತ್ತದೆ.

ಪವಿತ್ರ ಗ್ರಂಥದಲ್ಲಿ ನಾಯಿಯ ಮಾತು ಬಂದ ಕಡೆ ಹೆಚ್ಚಾಗಿ ಅದು ತಿರಸ್ಕಾರದ ಮಾತು. ಆದರೆ ತೋಬಿತನ ಗ್ರಂಥದಲ್ಲಿ ಯುವಕ ತೋಬಿಯಾಸನು ದೇವದೂತ ರಫಾಯೇಲನೊಡನೆ ದೂರದ ಊರಿಗೆ ಹೊರಟಾಗ ಒಂದು ನಾಯಿಯೂ ಜೊತೆಗೆ ಹೊರಡುತ್ತದೆ. ಹಿಂದಿರುಗಿ ಬರುವಾಗಲೂ ಜೊತೆಗಿರುತ್ತದೆ. ಅದು ಅಲ್ಲಿ ಯಾವ ಅದ್ಭುತವನ್ನೂ ಮಾಡುವುದಿಲ್ಲ. ಜೊತೆಯಲ್ಲಿ ಹೋಯಿತು, ಜೊತೆಯಲ್ಲಿ ಬಂತು. ಆಗಸ್ಟ್ 16ರಂದು ನಾವು ಸ್ಮರಿಸುವ ಸಂತ ರೋಕ್ ಅವರ ಪ್ರತಿಮೆಯಲ್ಲೂ ಬಾಯಲ್ಲಿ ರೊಟ್ಟಿ ಹಿಡಿದ ನಾಯಿಯನ್ನು ಕಾಣುತ್ತೀರಿ. ಪ್ಲೇಗ್ ರೋಗಿಗಳ ಸೇವೆ ಮಾಡಿ ತಾವೇ ರೋಗಕ್ಕೆ ತುತ್ತಾಗಿ ಕಾಡಿನಲ್ಲಿ ಒಂಟಿಯಾಗಿ ಬಿದ್ದಿದ್ದ ಅವರಿಗೆ ಒಂದು ನಾಯಿ ದಿನವೂ ರೊಟ್ಟಿ ತಂದುಕೊಟ್ಟಿತು ಎಂದು ಪರಂಪರೆ ಹೇಳುತ್ತದೆ. ಮನುಷ್ಯರು ‘ಇವನು ನಮ್ಮವನಲ್ಲ’ ಎಂದಾಗ ಅದು ಹತ್ತಿರ ಹೋಯಿತು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಪ್ರಾಣಿಗಳಿಗೆ ದಯೆ ತೋರಬೇಕು, ಅವುಗಳನ್ನು ಅನಾವಶ್ಯಕವಾಗಿ ನೋಯಿಸಬಾರದು ಎಂದು ಶ್ರೀಸಭೆಯ ಧರ್ಮೋಪದೇಶ ಕಲಿಸುತ್ತದೆ. ಮನುಷ್ಯರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯಬಾರದು ಎಂದೂ ಅದೇ ಉಪದೇಶ ಹೇಳುತ್ತದೆ. ಲೂಕನ ಶುಭಸಂದೇಶದಲ್ಲಿ ಧನಿಕನ ಬಾಗಿಲಲ್ಲಿ ಬಿದ್ದಿದ್ದ ಲಾಜರನ ಬಳಿಗೆ ಬಂದದ್ದು ನಾಯಿಗಳು, ಧನಿಕನಲ್ಲ. ನಾಯಿಯನ್ನು ಮುದ್ದಿಸುತ್ತಾ ಲಾಜರನನ್ನು ದಾಟಿ ಹೋದರೆ ನಾವೂ ಆ ಧನಿಕನೇ.

ಆ ಭಾನುವಾರದ ಬಳಿಕ ನಾನು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ: ಇನ್ನೂ ಯಾರ ವಿಷಯದಲ್ಲಿ ‘ನಮ್ಮದಲ್ಲ’ ಎಂದಿದ್ದೇನೆ? ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ದಾರಿ ತಪ್ಪಿದ ಗೆಳೆಯ, ಕುಡಿತಕ್ಕೆ ಬಿದ್ದ ಅಣ್ಣ, ಮರೆವಿನ ಕಾಯಿಲೆಯ ಅಜ್ಜಿ. ಹಬ್ಬದ ಫೋಟೋದಲ್ಲಿ ಇವರೆಲ್ಲ ನಮ್ಮವರು. ಅವರಿಂದ ನಮಗೆ ನೋವಾದ ದಿನ, ಮಾತು ಕೇಳಬೇಕಾಗಿ ಬಂದ ದಿನ, ಮೆಲ್ಲಗೆ ಹಿಂದೆ ಸರಿಯುತ್ತೇವೆ. ಪ್ರಭು ಹಾಗೆ ಮಾಡಲಿಲ್ಲ. ತೋಟದಲ್ಲಿ ಸೈನಿಕರು ಬಂದಾಗ ತಾವೇ ಮುಂದೆ ನಿಂತು, ಶಿಷ್ಯರನ್ನು ಬಿಟ್ಟುಬಿಡಿ ಎಂದರು. ನಮ್ಮ ಲೆಕ್ಕವನ್ನೆಲ್ಲ ಶಿಲುಬೆಯ ಮೇಲೆ ತಾವೇ ತೀರಿಸಿದರು. ತಮ್ಮನ್ನು ಮೂರು ಸಲ ಅಲ್ಲಗಳೆದ ಪೇತ್ರನನ್ನು ಪುನರುತ್ಥಾನದ ಬಳಿಕ ಸರೋವರದ ದಡದಲ್ಲಿ, ಇದ್ದಿಲ ಬೆಂಕಿಯ ಬಳಿ, ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಕೇಳಿದರು. ಮೂರು ಸಲವೂ ತಮ್ಮ ಕುರಿಗಳನ್ನೇ ಅವನ ಕೈಗೆ ಒಪ್ಪಿಸಿದರು. ಅಲ್ಲಗಳೆದವನಿಗೆ ಪ್ರಭು ಕೊಟ್ಟ ಪ್ರಾಯಶ್ಚಿತ್ತ ಮಂದೆಯ ಜವಾಬ್ದಾರಿ.

ಆದ್ದರಿಂದ ಯುವಜನರ ಪರವಾಗಿ ಕೆಲವು ಮಾತು. ಪಾಶ್ಚರ್ ಅವರು ತೀರಿಕೊಂಡ ದಿನವಾದ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವಾಗಿ ಆಚರಿಸುತ್ತಾರೆ. ಅಷ್ಟರೊಳಗೆ ನಿಮ್ಮ ಮನೆಯ ನಾಯಿಗೂ, ನೀವು ಅನ್ನ ಹಾಕುವ ಬೀದಿಯ ನಾಯಿಗೂ ಲಸಿಕೆ ಹಾಕಿಸಿ. ವರ್ಷಕ್ಕೊಮ್ಮೆ ಮರೆಯದೆ ಹಾಕಿಸಿ. ಹಿಡಿಯಲು, ಕರೆದೊಯ್ಯಲು ನಾವು ಬರುತ್ತೇವೆ. ತಿನ್ನುವ, ಮಲಗಿದ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದೆಂದು ಮಕ್ಕಳಿಗೆ ಹೇಳಿಕೊಡಿ. ನಾಯಿ ಕಚ್ಚಿದರೆ ಅಥವಾ ಪರಚಿದರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಅರಿಶಿನ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ಎಲ್ಲ ದಿನಗಳಂದೂ ಇಂಜೆಕ್ಷನ್ ಮುಗಿಸಿ. ಮಕ್ಕಳು ಬೈಗುಳಕ್ಕೆ ಹೆದರಿ ಕಚ್ಚಿದ್ದನ್ನು ಮುಚ್ಚಿಡದಂತೆ ಅವರಿಗೆ ಧೈರ್ಯ ಕೊಡಿ. ಮುಚ್ಚಿಡುವುದು ಎಷ್ಟು ಸುಲಭವೆಂದು ನನಗೆ ಗೊತ್ತು.

ಆ ಹುಡುಗ ಈಗಲೂ ತರಗತಿಗೆ ಬರುತ್ತಾನೆ. ಮೊದಲ ಕೆಲವು ವಾರ ಕರಿಯನನ್ನು ಕಂಡರೆ ನನ್ನ ಹಿಂದೆ ನಿಲ್ಲುತ್ತಿದ್ದ. ಈಗ ದೂರದಿಂದ ಬಿಸ್ಕತ್ತು ಎಸೆಯುತ್ತಾನೆ. ಕಳೆದ ಭಾನುವಾರ ಹೊಸಬರೊಬ್ಬರು ಗೇಟಿನಲ್ಲಿ ನಿಂತು, “ಈ ನಾಯಿ ಯಾರದು?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ: “ನಮ್ದು.”

ಪ್ರಾರ್ಥಿಸೋಣ: ಪ್ರಭುವೇ, ನೀವು ನಮ್ಮ ಕೈಗೆ ಒಪ್ಪಿಸಿದ ಮನುಷ್ಯರನ್ನೂ ಮೂಕಜೀವಿಗಳನ್ನೂ ಸುಖದಲ್ಲಿ ಮಾತ್ರವಲ್ಲ, ಕಷ್ಟದಲ್ಲಿಯೂ ನಮ್ಮವರೆಂದು ಹೇಳುವ ಧೈರ್ಯವನ್ನು ನಮಗೆ ಕೊಡಿ. ನಾವು ನಿಮ್ಮನ್ನು ಅಲ್ಲಗಳೆದ ದಿನವೂ ನಮ್ಮನ್ನು ನಿಮ್ಮವರೆಂದು ಕರೆದಿರಿ. ಅದಕ್ಕಾಗಿ ನಿಮಗೆ ಸ್ತುತಿ. ಆಮೆನ್.