ಮುಯ್ಯಿ ಮತ್ತು ರೆಫರಲ್

ಆರು ವರ್ಷದಿಂದ ಸುದ್ದಿಯೇ ಇಲ್ಲದ ಕ್ಲಾಸ್‌ಮೇಟ್ ಒಂದಿನ "ಹೇಗಿದ್ದೀಯ ಮಾರಾಯ?" ಅಂತ ಮೆಸೇಜ್ ಹಾಕಿದರೆ, ಮೂರನೇ ಮೆಸೇಜಿಗೆ ರೆಸ್ಯೂಮೆ ಬರುತ್ತೆ ಅಂತ ನಮಗೆಲ್ಲ ಗೊತ್ತು. ನಗ್ತೀವಿ. ಆದರೆ ಅಂಥದ್ದೇ ಮೆಸೇಜನ್ನು ನಾವು ಕಳಿಸಬೇಕಾದಾಗ ಬೆರಳು ತಡೆಯುತ್ತದೆ. ಕೆಲಸ ಬಿದ್ದಾಗ ಮಾತ್ರ ನೆನಪಾಗೋದು ಎಂಥ ಸ್ನೇಹ ಅನ್ನುವ ಮುಜುಗರ. ನೆಟ್‌ವರ್ಕಿಂಗ್ ಅಂದರೆ ಮನುಷ್ಯರನ್ನು ಬಳಸಿಕೊಳ್ಳುವುದಾ?

ಹಳ್ಳಿಯಲ್ಲಿ ಬೆಳೆದವರಿಗೆ ಮುಯ್ಯಾಳು ಗೊತ್ತಿರುತ್ತೆ. ನಾಟಿಗೆ ಇವತ್ತು ನಿಮ್ಮನೆಯ ಇಬ್ಬರು ನಮ್ಮ ಗದ್ದೆಗೆ, ನಾಳೆ ನಮ್ಮನೆಯ ಇಬ್ಬರು ನಿಮ್ಮ ಗದ್ದೆಗೆ. ಮದುವೆಯಲ್ಲಿ ಬಂದ ಮುಯ್ಯಿಯನ್ನಂತೂ ಪುಸ್ತಕದಲ್ಲಿ ಬರೆದಿಡ್ತಾರೆ. ಲೆಕ್ಕ ಪಕ್ಕಾ. ಹಾಗಂತ ಯಾರೂ ಅದನ್ನು ಸ್ವಾರ್ಥ ಅನ್ನಲ್ಲ. ಮನುಷ್ಯನನ್ನು ಎಂದೂ ಬರೀ ಸಾಧನವಾಗಿ ಕಾಣಬಾರದು ಅಂತ ಜರ್ಮನಿಯ ಕಾಂಟ್ 1785ರಲ್ಲಿ ಬರೆದ. ಅದರಲ್ಲಿ 'ಬರೀ' ಅನ್ನುವುದೇ ಮುಖ್ಯ. ನೆರವು ಕೇಳುವುದು ತಪ್ಪಲ್ಲ. ನೆರವು ಸಿಕ್ಕ ಮೇಲೆ ಆ ಮನುಷ್ಯನೇ ಮರೆತುಹೋದರೆ ಅದು ತಪ್ಪು.

ಇನ್ನೊಂದು ವಿಷಯ. ಕೆಲಸ ಕೊಡಿಸೋದು ಆಪ್ತ ಗೆಳೆಯರು ಅಂದುಕೊಂಡಿರ್ತೀವಿ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಲೇಖನದಲ್ಲಿ ಬೇರೆಯದೇ ತೋರಿಸಿದರು. ಬಾಸ್ಟನ್ ಬಳಿ ಅವರು ಮಾತಾಡಿಸಿದವರಲ್ಲಿ, ಪರಿಚಯದಿಂದ ಕೆಲಸ ಸಿಕ್ಕವರ ಪೈಕಿ ಶೇ. 17ರಷ್ಟು ಮಂದಿ ಮಾತ್ರ ಆ ಪರಿಚಿತರನ್ನು ಪದೇ ಪದೇ ಭೇಟಿಯಾಗುತ್ತಿದ್ದರು. ಉಳಿದವರದ್ದು ಅಪರೂಪದ, ಆಗೊಮ್ಮೆ ಈಗೊಮ್ಮೆಯ ಪರಿಚಯ. ಕಾರಣ ಸರಳ: ಆಪ್ತರಿಗೆ ಗೊತ್ತಿರೋದು ಹೆಚ್ಚುಕಡಿಮೆ ನಮಗೂ ಗೊತ್ತಿರುತ್ತೆ. ಹೊಸ ಸುದ್ದಿ ದೂರದವರಿಂದಲೇ ಬರಬೇಕು. ಅಂದಮೇಲೆ ಆ ಕ್ಲಾಸ್‌ಮೇಟ್‌ನ ಮೆಸೇಜಿಗೆ ನಗುವಂಥದ್ದೇನೂ ಇಲ್ಲ.

ನಿಜವಾದ ತೊಡಕು ಬೇರೆ ಕಡೆ ಇದೆ. ಮುಯ್ಯಾಳು ಚೆಂದದ ಪದ್ಧತಿ, ಸರಿ. ಆದರೆ ಗದ್ದೆಯೇ ಇಲ್ಲದವನಿಗೆ ಮುಯ್ಯಿ ತೀರಿಸೋದು ಎಲ್ಲಿ? ಅವನು ಕೂಲಿಯಾಳಾಗಿಯೇ ಉಳಿದ. ಊರಿನ ಅಷ್ಟೂ ಆತ್ಮೀಯತೆ ಗದ್ದೆ ಇದ್ದವರ ನಡುವೆ ಓಡಾಡಿಕೊಂಡಿತ್ತು. ರೆಫರಲ್ ಕೂಡ ಹಾಗೇ. ಅಪ್ಪನ ಗೆಳೆಯರು, ಕಾಲೇಜಿನ ಸೀನಿಯರ್‌ಗಳು, ಅಪಾರ್ಟ್‌ಮೆಂಟಿನ ಅಂಕಲ್‌ಗಳು ಇದ್ದವರಿಗೆ ದೂರದ ಪರಿಚಯಗಳು ಹುಟ್ಟುವಾಗಲೇ ಸಿಕ್ಕಿರುತ್ತವೆ. ಮನೆಯಲ್ಲಿ ಮೊದಲ ಬಾರಿಗೆ ಬಿಇ ಮಾಡಿದ ಹುಡುಗಿಗೆ ಅಪರಿಚಿತರಿಗೆ ಬರೆಯೋದೊಂದೇ ದಾರಿ. ಪ್ರತಿಭೆ ಇದ್ದರೆ ಸಿಗುತ್ತೆ ಬಿಡಿ ಅಂತೀರಾ? ರೆಸ್ಯೂಮೆಯನ್ನು ಯಾರಾದರೂ ತೆರೆದು ನೋಡಿದರೆ ತಾನೆ ಪ್ರತಿಭೆ ಕಾಣೋದು.

ಹಾಗಂತ ಕೇಳಿದವರಿಗೆಲ್ಲ "ನಾನು ಬಲ್ಲೆ, ಒಳ್ಳೇ ಕೆಲಸಗಾರ" ಅಂತ ಬರೆಯೋಕಾಗಲ್ಲ. ಅದು ಸುಳ್ಳು, ನಿಜಕ್ಕೂ ಬಲ್ಲವರ ಬಗ್ಗೆ ನಾಳೆ ಬರೆದಾಗ ನಮ್ಮ ಮಾತಿಗೆ ಬೆಲೆಯಿರಲ್ಲ. ಆದರೆ ಸುದ್ದಿ ಕೊಡೋದು ಬೇರೆ, ಜಾಮೀನು ನಿಲ್ಲೋದು ಬೇರೆ. ಜಾಮೀನು ಬಲ್ಲವರಿಗಷ್ಟೇ ಇರಲಿ. ಯಾವ ಟೀಮಿನಲ್ಲಿ ಜಾಗ ಖಾಲಿಯಿದೆ, ಇಂಟರ್‌ವ್ಯೂ ಹೇಗಿರುತ್ತೆ, ರೆಸ್ಯೂಮೆಯಲ್ಲಿ ಏನು ತಿದ್ದಬೇಕು ಅನ್ನೋದನ್ನು ಯಾರು ಕೇಳಿದರೂ ಹೇಳಬಹುದು. ಹತ್ತು ನಿಮಿಷದ ಕೆಲಸ. "ಇವರ ಪರಿಚಯ ನನಗಿಲ್ಲ, ಪ್ರಾಜೆಕ್ಟ್ ನೋಡಿದೆ, ಚೆನ್ನಾಗಿದೆ" ಅಂತ ಇದ್ದದ್ದು ಇದ್ದ ಹಾಗೆ ಬರೆದು ರೆಸ್ಯೂಮೆ ಕಳಿಸುವುದಕ್ಕೂ ಅಡ್ಡಿಯಿಲ್ಲ.

ತಿರುಗಿ ಕೊಡಲಾರದವರಿಗೆ ಕೊಟ್ಟ ಆ ಹತ್ತು ನಿಮಿಷ ಯಾವ ಮುಯ್ಯಿ ಪುಸ್ತಕದಲ್ಲೂ ಬರೆಯಲ್ಲ. ನಮಗೆ ತೀರಿಸುವ ಬದಲು ಆಕೆ ಮುಂದೆ ಇನ್ನೊಬ್ಬರಿಗೆ ಕೊಟ್ಟರೆ ಸಾಕು.