ವರ್ತನೆ, ಫಲ ಮತ್ತು ಭಾವ

ಬೆಂಗಳೂರಿನಿಂದ ಶ್ರವಣಬೆಳಗೊಳಕ್ಕೆ ಹೊರಟ ಯಾತ್ರಿಕರು ಹಿರೀಸಾವೆಯಲ್ಲಿ ಹೆದ್ದಾರಿಯನ್ನು ಬಿಟ್ಟು ತಿರುಗುತ್ತಾರೆ. ಅಲ್ಲಿಯ ಅಂಗಡಿಗಳ ಮುಂದೆ, ಎಲ್ಲ ಊರುಗಳ ಅಂಗಡಿಗಳ ಮುಂದೆ ಇರುವಂತೆಯೇ, ಒಂದು ನೋಟ ಕಾಣಸಿಗುತ್ತದೆ. ಮಗು ಮಿಠಾಯಿಗಾಗಿ ಹಟ ಹಿಡಿದು ಅಳುತ್ತದೆ, ತಾಯಿ ಎರಡು ಬಾರಿ ಬೇಡವೆನ್ನುತ್ತಾಳೆ, ಅಳು ಜೋರಾದೊಡನೆ ಕೊಡಿಸುತ್ತಾಳೆ, ಅಳು ನಿಲ್ಲುತ್ತದೆ. ಇಲ್ಲಿ ಪಾಠ ಕಲಿತವರು ಇಬ್ಬರು. ಜೋರಾಗಿ ಅತ್ತರೆ ಮಿಠಾಯಿ ದೊರೆಯುವುದೆಂದು ಮಗುವೂ, ಕೊಡಿಸಿದರೆ ಗದ್ದಲ ಅಡಗುವುದೆಂದು ತಾಯಿಯೂ ಕಲಿತರು.

ಈ ಸಾಮಾನ್ಯ ಸಂಗತಿಯೇ ಅನ್ವಯಿಕ ವರ್ತನಾ ವಿಶ್ಲೇಷಣೆ ಎಂಬ ಶಾಸ್ತ್ರದ ತಳಹದಿ. ವರ್ತನೆಯು ತನ್ನ ಫಲದಿಂದಲೇ ಬಲಗೊಳ್ಳುತ್ತದೆ ಅಥವಾ ಕ್ಷೀಣಿಸುತ್ತದೆ ಎಂಬುದನ್ನು ಅಮೆರಿಕದ ಬಿ. ಎಫ್. ಸ್ಕಿನ್ನರ್ 1938ರ ತಮ್ಮ ಗ್ರಂಥದಲ್ಲಿ ಪ್ರಯೋಗಪೂರ್ವಕವಾಗಿ ವಿವರಿಸಿದರು. 1968ರಲ್ಲಿ ಬೇರ್, ವುಲ್ಫ್ ಮತ್ತು ರಿಸ್ಲೆ ಎಂಬ ಮೂವರು ವಿದ್ವಾಂಸರು ಇದರ ಅನ್ವಯಕ್ಕೆ ನಿಯಮಗಳನ್ನು ಹಾಕಿಕೊಟ್ಟರು: ತಿದ್ದಬೇಕಾದ ವರ್ತನೆಯು ಆ ವ್ಯಕ್ತಿಯ ಬಾಳಿಗೆ ಮಹತ್ವದ್ದಾಗಿರಬೇಕು, ಅಳತೆಗೆ ಸಿಗುವಂತಿರಬೇಕು, ಬದಲಾವಣೆಯು ಕಾಲ ಮತ್ತು ಸ್ಥಳ ಬದಲಾದರೂ ಉಳಿಯಬೇಕು.

ಇದರ ಕ್ರಮವು ವ್ಯಾಪಾರಿಯ ದಿನವಹಿಯಂತೆ ಸರಳವಾದುದು. ಮೊದಲು ಏನಿತ್ತು, ಮಗು ಏನು ಮಾಡಿತು, ಬಳಿಕ ಏನಾಯಿತು ಎಂದು ಮೂರು ಅಂಕಣಗಳಲ್ಲಿ ಬರೆದಿಡುತ್ತಾರೆ. ಮಗು ಕೆಟ್ಟದ್ದೆಂದು ತೀರ್ಪು ಕೊಡುವುದಿಲ್ಲ, ಸನ್ನಿವೇಶವನ್ನು ಪರೀಕ್ಷಿಸುತ್ತಾರೆ. ದೊಡ್ಡ ಕೆಲಸವನ್ನು ಸಣ್ಣ ಮೆಟ್ಟಿಲುಗಳಾಗಿ ವಿಭಾಗಿಸಿ, ಒಂದೊಂದು ಮೆಟ್ಟಿಲಿಗೂ ಪ್ರೋತ್ಸಾಹ ನೀಡಿ, ಕ್ರಮೇಣ ಆ ಪ್ರೋತ್ಸಾಹವನ್ನು ಕಡಿಮೆ ಮಾಡುತ್ತಾರೆ. ಮಾತು ಬಾರದ, ಆಟಿಸಂ ಇರುವ ಬಾಲಕನು ನೀರಿನ ಚಿತ್ರವನ್ನು ತೋರಿದೊಡನೆ ನೀರು ದೊರೆತರೆ, ಅರಚದೆ ಕೇಳುವುದನ್ನು ಅವನು ಕಲಿಯುತ್ತಾನೆ. ಇಂತಹ ಮಗುವಿರುವ ಮನೆಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಇಲ್ಲಿ ಶ್ರಾವಕನಿಗೆ ಒಂದು ಗಂಭೀರ ಪ್ರಶ್ನೆ ಎದುರಾಗುತ್ತದೆ. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿ ಎಂಬುದು ತತ್ತ್ವಾರ್ಥಸೂತ್ರದ ಮತ. ನಿದಾನವೆಂದರೆ ಫಲಾಪೇಕ್ಷೆ. ಫಲವನ್ನು ತೋರಿಸಿಯೇ ವರ್ತನೆಯನ್ನು ಬೆಳೆಸುವ ವಿದ್ಯೆಯು ನಿದಾನವನ್ನೇ ಕಲಿಸಿದಂತಾಗುವುದಿಲ್ಲವೇ?

ಉತ್ತರವು ನಿಮಿತ್ತ ಮತ್ತು ಉಪಾದಾನಗಳ ಭೇದದಲ್ಲಿದೆ. ಸ್ಕಿನ್ನರ್ 1971ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನುಷ್ಯನೊಳಗಿನ ಸ್ವತಂತ್ರ ಕರ್ತೃವನ್ನೇ ಅಲ್ಲಗಳೆದರು. ಜೀವದ ಪುರುಷಾರ್ಥವನ್ನು ಒಪ್ಪುವ ಜೈನನು ಇದಕ್ಕೆ ಸಮ್ಮತಿಸಲಾರನು. ಆದರೂ ಬಾಹ್ಯ ನಿಮಿತ್ತದ ಉಪಯೋಗವನ್ನು ಅವನು ನಿರಾಕರಿಸಬೇಕಾಗಿಲ್ಲ. ನೀರು ಕೇಳಿದ ಮಗುವಿಗೆ ನೀರು ಸಿಗುವುದು ಸಹಜಫಲ, ಅದು ಲಂಚವಲ್ಲ. ಬಹುಮಾನವು ನಿಮಿತ್ತವಾಗಿ ಬಂದು, ಕೆಲಸ ಮುಗಿದೊಡನೆ ಹಿಂದೆ ಸರಿದರೆ ದೋಷವಿಲ್ಲ. ಅದೇ ಗುರಿಯಾಗಿ ಉಳಿದರೆ ಧರ್ಮವು ವ್ಯಾಪಾರವಾಗುತ್ತದೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವು ಇದನ್ನೇ ತೋರಿಸಿತು. ಚಿತ್ರ ಬರೆಯಲು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಬರೆಸಿದ ಮೇಲೆ, ಅವರಲ್ಲಿ ಆ ಆಸಕ್ತಿಯೇ ತಗ್ಗಿತು.

ಈ ವಿವೇಕವು ವಿಂಧ್ಯಗಿರಿಯಲ್ಲಿ ಹಿಂದೆಯೇ ಕಥೆಯಾಗಿ ನಿಂತಿದೆ. ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಕೊಡಗಟ್ಟಲೆ ಹಾಲೆರೆದರೂ ಅದು ಪಾದವನ್ನು ಮುಟ್ಟಲಿಲ್ಲ. ಗುಳ್ಳಕಾಯಜ್ಜಿ ಪುಟ್ಟ ಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಮೂರ್ತಿಯನ್ನೆಲ್ಲ ತೋಯಿಸಿತು ಎಂಬುದು ಐತಿಹ್ಯ. ಹೊರಗಿನ ವರ್ತನೆ ಇಬ್ಬರದೂ ಒಂದೇ, ಭಾವ ಬೇರೆ. ಅಳತೆಗೋಲು ಹಾಲನ್ನು ಅಳೆಯಬಲ್ಲುದು, ಭಾವವನ್ನು ಅಳೆಯಲಾರದು.

ಎರಡನೆಯ ಪ್ರಶ್ನೆ ಅಹಿಂಸೆಯದು. 1960ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ಐವಾರ್ ಲೋವಾಸ್ ಅವರು ಆಟಿಸಂ ಇರುವ ಮಕ್ಕಳನ್ನು ತಿದ್ದಲು ವಿದ್ಯುತ್ ಆಘಾತವನ್ನೂ ಬಳಸಿದರು. ಇಂತಹ ಚಿಕಿತ್ಸೆಯಲ್ಲಿ ಬೆಳೆದ ಹಲವರು ಮುಂದೆ ದೊಡ್ಡವರಾಗಿ ತಮ್ಮ ನೋವನ್ನು ಹೇಳಿಕೊಂಡಿದ್ದಾರೆ. ಕೈಯಾಡಿಸುವಂತಹ, ಯಾರಿಗೂ ಹಾನಿಯಿಲ್ಲದ ಅಭ್ಯಾಸಗಳನ್ನು ಬಲಾತ್ಕಾರದಿಂದ ನಿಲ್ಲಿಸಿದ್ದು ಯಾರ ಹಿತಕ್ಕಾಗಿ ಎಂಬುದು ಅವರ ಪ್ರಶ್ನೆ. ನೆಂಟರೆದುರು ನಾಚಿಕೆಯಾಗದಿರಲೆಂದು ಮಗುವನ್ನು ತಿದ್ದುವುದು ಮಗುವಿನ ಹಿತವಲ್ಲ. ಅದು ಹಿರಿಯರ ಮಾನಕಷಾಯ. ಶಸ್ತ್ರವಿಲ್ಲದಿದ್ದರೂ ಅಲ್ಲಿ ಹಿಂಸೆಯಿದೆ.

ಆದುದರಿಂದ ಪಾಠಶಾಲೆಗಳನ್ನು ನಡೆಸುವ ಬಸದಿಯ ಟ್ರಸ್ಟುಗಳೂ ಗೃಹಸ್ಥರೂ ಎರಡು ಸಂಗತಿಗಳನ್ನು ಗಮನಿಸುವುದು ಯುಕ್ತ. ಹಾಜರಿಗೆ ಬಹುಮಾನ ಕೊಡುವವರು, ಅದನ್ನು ನಿಲ್ಲಿಸಿದ ಮೇಲೂ ಮಗು ಬರುವಂತೆ ಕಥೆ, ಹಾಡು, ಗೆಳೆತನಗಳನ್ನು ಅಲ್ಲಿ ಬೆಳೆಸಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಮಗುವನ್ನು ತಿದ್ದುವವರು ಮೊದಲು ತಮ್ಮ ವರ್ತನೆಯ ಲೆಕ್ಕ ಬರೆಯಬೇಕು. ಪ್ರತಿಕ್ರಮಣದಲ್ಲಿ ದಿನದ ದೋಷಗಳನ್ನು ಎಣಿಸುವ ಶ್ರಾವಕನಿಗೆ ಈ ಲೆಕ್ಕ ಹೊಸದಲ್ಲ. ಅಂಗಡಿಯ ಮುಂದೆ ಅತ್ತ ಮಗುವಿನ ಹಟಕ್ಕೆ ಔಷಧಿ ಅರ್ಧದಷ್ಟು ತಾಯಿಯ ಕೈಯಲ್ಲಿಯೇ ಇತ್ತು.